ಘಾನಾ: ಆಳುವ ಪಕ್ಷವನ್ನು ಸೋಲಿಸಿದ್ದು ಅದರದೇ ಮತದಾರರು

2024ರ ಡಿಸೆಂಬರ್ 7ರಂದು ಪಶ್ಚಿಮ ಆಫ್ರಿಕಾದ ಘಾನಾದಲ್ಲಿ ನಡೆದ ಅಧ್ಯಕ್ಷೀಯ ಚುನಾವಣೆಯಲ್ಲಿ ವಿರೋಧ ಪಕ್ಷದ ಜಾನ್ ಮಹಾಮಾ ಶೇ 56ಕ್ಕೂ ಹೆಚ್ಚು ಮತ ಪಡೆದು ಗೆದ್ದರು. ಆಳುವ ಪಕ್ಷದ ಅಭ್ಯರ್ಥಿ, ಆಗಿನ ಉಪಾಧ್ಯಕ್ಷ ಮಹಮುದು ಬಾವುಮಿಯಾ ಅವರಿಗೆ ಬಂದದ್ದು ಶೇ 42ಕ್ಕೂ ಕೊಂಚ ಕಡಿಮೆ. ಅಂತರ ನೋಡಿದರೆ ಮಹಾಮಾ ಪರ ದೊಡ್ಡ ಅಲೆ ಎದ್ದಿತ್ತು ಅನ್ನಿಸುತ್ತದೆ. ಶೇಕಡಾವಾರು ಬದಿಗಿಟ್ಟು, ಬಿದ್ದ ಮತಗಳನ್ನೇ ಎಣಿಸಿ ನೋಡಿ. ಆ ಅಲೆ ಎಲ್ಲೂ ಕಾಣುವುದಿಲ್ಲ.

2020ರಲ್ಲಿ ಆಳುವ ಪಕ್ಷವಾದ ನ್ಯೂ ಪೇಟ್ರಿಯಾಟಿಕ್ ಪಾರ್ಟಿಯ (ಎನ್‌ಪಿಪಿ) ನಾನಾ ಅಕುಫೊ-ಅಡ್ಡೊ ಎರಡನೇ ಅವಧಿಗೆ ಗೆದ್ದಾಗ ಅವರಿಗೆ 67.3 ಲಕ್ಷ ಮತ ಬಿದ್ದಿತ್ತು. ಸೋತ ಮಹಾಮಾಗೆ 62.1 ಲಕ್ಷ. ನಾಲ್ಕು ವರ್ಷದ ನಂತರ ಗೆದ್ದ ಮಹಾಮಾಗೆ ಬಿದ್ದದ್ದು ಸುಮಾರು 65.9 ಲಕ್ಷ, ಅಂದರೆ ಅಕುಫೊ-ಅಡ್ಡೊ 2020ರಲ್ಲಿ ಪಡೆದದ್ದಕ್ಕಿಂತಲೂ ಕಡಿಮೆ. ಇತ್ತ ಬಾವುಮಿಯಾಗೆ ಸಿಕ್ಕಿದ್ದು ಸುಮಾರು 48.8 ಲಕ್ಷ. ವಿರೋಧ ಪಕ್ಷ ಹೆಚ್ಚುವರಿಯಾಗಿ ಗಳಿಸಿದ್ದು 4 ಲಕ್ಷಕ್ಕೂ ಕಡಿಮೆ. ಆಳುವ ಪಕ್ಷ 18 ಲಕ್ಷಕ್ಕೂ ಹೆಚ್ಚು ಕಳೆದುಕೊಂಡಿತು. ಇದೇ ನಾಲ್ಕು ವರ್ಷದಲ್ಲಿ ಮತದಾರರ ಪಟ್ಟಿ 1.70 ಕೋಟಿಯಿಂದ 1.88 ಕೋಟಿಗೆ ಬೆಳೆದಿತ್ತು. ಮತದಾನದ ಪ್ರಮಾಣ ಮಾತ್ರ ಶೇ 79ರಿಂದ ಅರವತ್ತರ ಆಸುಪಾಸಿಗೆ ಕುಸಿದಿತ್ತು.

ಹಾಗಾದರೆ ಕಳೆದುಹೋದ ಹದಿನೆಂಟು ಲಕ್ಷ ಎಲ್ಲಿ? ಒಂದಷ್ಟು ಮಂದಿ ಮಹಾಮಾ ಕಡೆ ವಾಲಿರಬಹುದು. ಎನ್‌ಪಿಪಿ ತೊರೆದು ಸ್ವತಂತ್ರವಾಗಿ ನಿಂತ ಮಾಜಿ ವಾಣಿಜ್ಯ ಸಚಿವ ಅಲನ್ ಕ್ಯೆರೆಮಾಂಟೆನ್ ಕಡೆಗೆ ಹೋಗಿರಬಹುದು ಎಂದರೆ, ಅವರಿಗೆ ಶೇ 1ರಷ್ಟು ಮತವೂ ಬರಲಿಲ್ಲ. ಉಳಿದವರಲ್ಲಿ ದೊಡ್ಡ ಪಾಲು ಆ ಶನಿವಾರ ಮತಗಟ್ಟೆಯ ಕಡೆ ತಲೆ ಹಾಕಲೇ ಇಲ್ಲ. ಆಳುವ ಪಕ್ಷದ ಸೋಲನ್ನು ವಿಶ್ಲೇಷಿಸುವವರು ಎದುರಾಳಿ ಏನು ಸರಿಯಾಗಿ ಮಾಡಿದ ಎಂದು ಹುಡುಕುತ್ತಾ ಹೊರಡುತ್ತಾರೆ. ಘಾನಾದ ಮಟ್ಟಿಗೆ ಆ ಹುಡುಕಾಟ ದಾರಿ ತಪ್ಪಿಸುತ್ತದೆ. ಎನ್‌ಪಿಪಿಯ ಮನೆಯವರು ಯಾಕೆ ಮುನಿಸಿಕೊಂಡರು ಎಂಬುದನ್ನೇ ನೋಡಬೇಕು.

ಇದು ಹೊಸ ಕತೆಯೂ ಅಲ್ಲ. 2016ರಲ್ಲಿ ಇದೇ ಮಹಾಮಾ ಅಧ್ಯಕ್ಷ ಸ್ಥಾನದಲ್ಲಿದ್ದುಕೊಂಡೇ ಸೋತರು. ಆಗ ಅವರ ನ್ಯಾಷನಲ್ ಡೆಮಾಕ್ರಟಿಕ್ ಕಾಂಗ್ರೆಸ್‌ನ (ಎನ್‌ಡಿಸಿ) ಮತ 2012ಕ್ಕಿಂತ 8.6 ಲಕ್ಷ ಇಳಿದಿತ್ತು, ಅಕುಫೊ-ಅಡ್ಡೊ ಅವರದು 4.7 ಲಕ್ಷವಷ್ಟೇ ಏರಿತ್ತು. 1992ರಲ್ಲಿ ಬಹುಪಕ್ಷ ಪದ್ಧತಿ ಮರಳಿದ ಮೇಲೆ ಘಾನಾದಲ್ಲಿ ಯಾವ ಪಕ್ಷವೂ ಎಂಟು ವರ್ಷ ದಾಟಿ ಅಧಿಕಾರ ಉಳಿಸಿಕೊಂಡಿಲ್ಲ. 2000ದಲ್ಲಿ ಜೆರ್ರಿ ರಾಲಿಂಗ್ಸ್ ಅವರ ಉಪಾಧ್ಯಕ್ಷ ಜಾನ್ ಅಟ್ಟಾ ಮಿಲ್ಸ್ ಸೋತರು. 2008ರಲ್ಲಿ ಎನ್‌ಪಿಪಿಯ ಅಕುಫೊ-ಅಡ್ಡೊ ಎರಡನೇ ಸುತ್ತಿನಲ್ಲಿ ಕೇವಲ 40 ಸಾವಿರ ಚಿಲ್ಲರೆ ಮತದಿಂದ ಅದೇ ಮಿಲ್ಸ್‌ಗೆ ಸೋತರು. ಅಧ್ಯಕ್ಷರಿಗೆ ಎರಡೇ ಅವಧಿ ಎಂದು ಸಂವಿಧಾನ ಹೇಳುವುದರಿಂದ ಎಂಟನೇ ವರ್ಷಕ್ಕೆ ಪಕ್ಷ ಹೊಸ ಮುಖ ತರಲೇಬೇಕು, ಆ ಹೊಸ ಮುಖ ಹಳೆಯ ಸರ್ಕಾರದ ಲೆಕ್ಕ ಒಪ್ಪಿಸಲೇಬೇಕು. 2024ರಲ್ಲಿ ಎನ್‌ಪಿಪಿಯ ಘೋಷಣೆಯೇ 'ಎಂಟನ್ನು ಮುರಿಯೋಣ' ಎಂದಿತ್ತು. ಆಡಳಿತ ಹೇಗಿತ್ತು ಎಂದು ಕೇಳಿದವರಿಗೆ ಈ ಘೋಷಣೆ ಪಕ್ಷ ಎಷ್ಟು ವರ್ಷ ಉಳಿಯಬೇಕು ಎಂದು ಉತ್ತರಿಸುತ್ತಿತ್ತು.

ಬಾವುಮಿಯಾ ಸ್ಥಿತಿ ಇನ್ನೂ ಬಿಗಡಾಯಿಸಿತ್ತು. ಅವರು ಅರ್ಥಶಾಸ್ತ್ರಜ್ಞರು, ಬ್ಯಾಂಕ್ ಆಫ್ ಘಾನಾದ ಮಾಜಿ ಡೆಪ್ಯುಟಿ ಗವರ್ನರ್. ವಿರೋಧ ಪಕ್ಷದಲ್ಲಿದ್ದಾಗ ಮಹಾಮಾ ಸರ್ಕಾರವನ್ನು ಸಾರ್ವಜನಿಕ ಉಪನ್ಯಾಸಗಳಲ್ಲಿ ಅಂಕಿಅಂಶ ಹಿಡಿದು ಜಾಲಾಡಿದವರು. ಆರ್ಥಿಕತೆಯ ಬುಡ ಸಡಿಲವಾಗಿದ್ದರೆ ಎಷ್ಟೇ ಪ್ರಚಾರ ಮಾಡಿದರೂ ವಿನಿಮಯ ದರ ನಿಮ್ಮನ್ನು ಬಯಲಿಗೆಳೆಯುತ್ತದೆ ಎಂಬುದು ಅವರ ಪ್ರಸಿದ್ಧ ಮಾತು. ಅಧಿಕಾರಕ್ಕೆ ಬಂದ ಹೊಸದರಲ್ಲಿ, ಘಾನಾದ ಕರೆನ್ಸಿ ಸೆಡಿಯ ಕುಸಿತವನ್ನು ಬಂಧಿಸಿ ಬೀಗದ ಕೈ ಪೊಲೀಸ್ ಮುಖ್ಯಸ್ಥರಿಗೆ ಕೊಟ್ಟಿದ್ದೇವೆ ಎಂದು ತಮಾಷೆಯನ್ನೂ ಮಾಡಿದ್ದರು. 2017ರ ಆರಂಭದಲ್ಲಿ ಒಂದು ಡಾಲರಿಗೆ ನಾಲ್ಕು ಚಿಲ್ಲರೆ ಸೆಡಿ ಇತ್ತು. 2024ರ ನವೆಂಬರ್ ಹೊತ್ತಿಗೆ ಹದಿನಾರರ ಸುತ್ತ ಓಡಾಡುತ್ತಿತ್ತು. ಎದುರಾಳಿಗಳು ಹೊಸ ಟೀಕೆ ಹೊಸೆಯಬೇಕಿರಲಿಲ್ಲ, ಅವರದೇ ಹಳೆಯ ವಿಡಿಯೋ ಹಾಕಿದರೆ ಸಾಕಿತ್ತು.

ಇದಕ್ಕೆ ಬಾವುಮಿಯಾ ಕೊಟ್ಟ ಉತ್ತರ ಅವರನ್ನು ಇನ್ನಷ್ಟು ಸಿಕ್ಕಿಸಿತು. ಘಾನಾದ ಊರೂರಲ್ಲಿ ಓಡುವ ಟ್ರೊಟ್ರೊ ಎಂಬ ಮಿನಿಬಸ್ಸಿನಲ್ಲಿ ಡ್ರೈವರ್ ಜೊತೆ ಒಬ್ಬ 'ಮೇಟ್' ಇರುತ್ತಾನೆ. ನಮ್ಮ ಖಾಸಗಿ ಬಸ್ಸಿನ ಕ್ಲೀನರ್ ಇದ್ದ ಹಾಗೆ, ಬಾಗಿಲಲ್ಲಿ ನಿಂತು ಊರ ಹೆಸರು ಕೂಗಿ ದುಡ್ಡು ಎತ್ತುವವನು. ತಾನು ಇಷ್ಟು ದಿನ ಮೇಟ್ ಅಷ್ಟೇ, ಸ್ಟಿಯರಿಂಗ್ ಅಧ್ಯಕ್ಷರ ಕೈಯಲ್ಲಿತ್ತು ಎಂಬರ್ಥದಲ್ಲಿ ಅವರು ಮಾತಾಡಿದರು. ಸಂವಿಧಾನದ ಪ್ರಕಾರ ಮಾತು ಸರಿ. ಆದರೆ ಅವರು ಸರ್ಕಾರದ ಆರ್ಥಿಕ ನಿರ್ವಹಣಾ ತಂಡದ ಅಧ್ಯಕ್ಷರಾಗಿದ್ದರು, ಏಳು ವರ್ಷ ಹಾಗೇ ಪರಿಚಯಿಸಿಕೊಂಡಿದ್ದರು. ಡಿಜಿಟಲ್ ವ್ಯವಸ್ಥೆ, ಮೊಬೈಲ್ ಹಣ ವರ್ಗಾವಣೆಯ ಜೋಡಣೆ, ಔಷಧ ಹೊತ್ತ ಡ್ರೋನ್ ಎಲ್ಲ ನನ್ನದು, ಸಾಲ ಮಾತ್ರ ಡ್ರೈವರದು ಎಂದರೆ ಬಸ್ಸಿನಲ್ಲಿ ಕೂತವರು ನಂಬುವುದು ಕಷ್ಟ.

2024ರ ಫೆಬ್ರುವರಿ 7ರಂದು ರಾಜಧಾನಿ ಅಕ್ರಾದಲ್ಲಿ ಅವರು ತಮ್ಮ ಮುನ್ನೋಟ ಮಂಡಿಸಿದರು. ಇ-ಲೆವಿ (ಮೊಬೈಲ್ ಹಣ ವರ್ಗಾವಣೆಯ ಮೇಲಿನ ತೆರಿಗೆ) ರದ್ದು, ಬೆಟ್ಟಿಂಗ್ ತೆರಿಗೆ ರದ್ದು, ಸಚಿವರ ಸಂಖ್ಯೆ ಐವತ್ತರೊಳಗೆ. ಮೂರೂ ಜನ ಬಯಸಿದ್ದವೇ, ಮೂರೂ ತಮ್ಮದೇ ಸರ್ಕಾರ ಮಾಡಿದ್ದರ ತಿದ್ದುಪಡಿ. ಅಕುಫೊ-ಅಡ್ಡೊ 2017ರಲ್ಲಿ ಉಪ ಸಚಿವರೂ ಸೇರಿ 110 ಮಂದಿಯನ್ನು ನೇಮಿಸಿದ್ದರು. ಅಧಿಕಾರದಲ್ಲಿರುವಾಗಲೇ ಯಾಕೆ ಮಾಡಬಾರದು ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ. ಹಾಲಿ ಅಧ್ಯಕ್ಷರನ್ನು ಎದುರು ಹಾಕಿಕೊಂಡರೆ ಪಕ್ಷದ ಯಂತ್ರ ಕೈಕೊಡುತ್ತದೆ, ಹಾಕಿಕೊಳ್ಳದಿದ್ದರೆ ಬದಲಾವಣೆಯ ಮಾತಿಗೆ ತೂಕ ಬರುವುದಿಲ್ಲ. ಉತ್ತರಾಧಿಕಾರಿ ಅಭ್ಯರ್ಥಿಗಳು ಎಲ್ಲ ದೇಶಗಳಲ್ಲೂ ಸಿಕ್ಕಿಬೀಳುವ ಇಕ್ಕಟ್ಟು ಇದು. ಅದೇ ವರ್ಷ ಅಮೆರಿಕದಲ್ಲಿ ಕಮಲಾ ಹ್ಯಾರಿಸ್, ಬೈಡನ್‌ಗಿಂತ ಬೇರೆಯಾಗಿ ಏನು ಮಾಡುತ್ತಿದ್ದಿರಿ ಎಂಬ ಟಿವಿ ಪ್ರಶ್ನೆಗೆ ಏನೂ ಹೊಳೆಯುತ್ತಿಲ್ಲ ಎಂದು ಸಿಕ್ಕಿಬಿದ್ದರು. ಬಾವುಮಿಯಾ ಪಟ್ಟಿಯನ್ನೇ ಕೊಟ್ಟು ಸಿಕ್ಕಿಬಿದ್ದರು.

ಇ-ಲೆವಿ ಎಂದರೇನು ಎಂದು ಸ್ವಲ್ಪ ನಿಂತು ನೋಡಬೇಕು. ಘಾನಾದಲ್ಲಿ ಬ್ಯಾಂಕ್ ಖಾತೆಗಿಂತ ಮೊಬೈಲ್ ವ್ಯಾಲೆಟ್ ಹೆಚ್ಚು ಬಳಕೆಯಲ್ಲಿದೆ. ಸಂತೆಯ ವ್ಯಾಪಾರಿ ಸಗಟು ಮಾಲಿಗೆ ಹಣ ಕಳಿಸುವುದು, ಪೇಟೆಯ ಮಗ ಹಳ್ಳಿಯ ತಾಯಿಗೆ ಕಳಿಸುವುದು ಎಲ್ಲ ಅದರಲ್ಲೇ. 2022ರ ಮೇ 1ರಿಂದ, ದಿನಕ್ಕೆ 100 ಸೆಡಿ ಮೀರಿದ ವರ್ಗಾವಣೆಗೆ ಶೇ 1.5 ತೆರಿಗೆ ಬಿತ್ತು. ಕಂಪನಿಯ ಶುಲ್ಕ ಅದರ ಮೇಲೆ ಬೇರೆ. ತೆರಿಗೆ ದೊಡ್ಡದೇನಲ್ಲ, ಆದರೆ ಪ್ರತಿ ಸಲ ಕಳಿಸಿದಾಗಲೂ ಪರದೆಯ ಮೇಲೆ ಕಾಣುತ್ತಿತ್ತು. ಪೆಟ್ರೋಲ್ ದರದಲ್ಲಿ ಅಡಗಿದ ಸುಂಕಕ್ಕೆ ಬೈಯುವುದಕ್ಕೂ ಫೋನಿನಲ್ಲಿ ಕಣ್ಣೆದುರೇ ಕಡಿತವಾಗುವ ಹಣಕ್ಕೆ ಬೈಯುವುದಕ್ಕೂ ವ್ಯತ್ಯಾಸವಿದೆ. ಜನ ಮತ್ತೆ ನಗದಿಗೆ ಹೊರಳಿದರು, ಖಜಾನೆಗೆ ನಿರೀಕ್ಷಿಸಿದ್ದರ ಸಣ್ಣ ಪಾಲು ಮಾತ್ರ ಬಂತು. 2023ರ ಆರಂಭದಲ್ಲಿ ದರವನ್ನು ಶೇ 1ಕ್ಕೆ ಇಳಿಸಿದರು. ಡಿಜಿಟಲ್ ಹಣವನ್ನೇ ತನ್ನ ಹೆಗ್ಗಳಿಕೆ ಮಾಡಿಕೊಂಡ ಉಪಾಧ್ಯಕ್ಷರ ಅವಧಿಯಲ್ಲಿ ಈ ತೆರಿಗೆ ಬಂದದ್ದು ಕ್ರೂರ ವ್ಯಂಗ್ಯ.

ಅಸಲು ಪೆಟ್ಟು ಬಿದ್ದದ್ದು 2022ರ ಕೊನೆಯಲ್ಲಿ. ಕೋವಿಡ್ ಮತ್ತು ಯುಕ್ರೇನ್ ಯುದ್ಧ ಕಾರಣ ಎಂದು ಸರ್ಕಾರ ಹೇಳಿತು. ಅದು ಅರ್ಧ ನಿಜ. ವಿದೇಶಿ ಹೂಡಿಕೆದಾರರಿಂದ ಡಾಲರಿನಲ್ಲಿ ಎತ್ತುವ ಯುರೋಬಾಂಡ್ ಸಾಲ ಅದಕ್ಕೂ ಮೊದಲೇ ಏರುತ್ತಾ ಬಂದಿತ್ತು. ಆ ವರ್ಷದ ಫೆಬ್ರುವರಿಯಲ್ಲಿ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಬಾಗಿಲಿಗೆ ಹೋಗುವುದಿಲ್ಲ, ನಾವು ಸ್ವಾಭಿಮಾನಿ ದೇಶ ಎಂದಿದ್ದ ಹಣಕಾಸು ಸಚಿವ ಕೆನ್ ಒಫೊರಿ-ಅಟ್ಟಾ ಅವರ ಸರ್ಕಾರವೇ ಜುಲೈ 1ರಂದು ಐಎಂಎಫ್ ಜೊತೆ ಮಾತುಕತೆ ಎಂದು ಪ್ರಕಟಿಸಿತು. ಡಿಸೆಂಬರ್‌ನಲ್ಲಿ ಹೆಚ್ಚಿನ ವಿದೇಶಿ ಸಾಲದ ಮರುಪಾವತಿ ನಿಂತಿತು. ಆ ತಿಂಗಳ ಹಣದುಬ್ಬರ ಶೇ 54.1. ಚುನಾವಣೆ ಹೊತ್ತಿಗೆ ಅದು ಶೇ 23ಕ್ಕೆ ಇಳಿದಿತ್ತು ಎಂದು ಎನ್‌ಪಿಪಿ ವಕ್ತಾರರು ಎತ್ತಿ ಹೇಳುತ್ತಿದ್ದರು. ಹಣದುಬ್ಬರ ಇಳಿಯಿತು ಎಂದರೆ ಬೆಲೆ ಇಳಿಯಿತು ಎಂದಲ್ಲ, ಏರುವ ವೇಗ ತಗ್ಗಿತು ಎಂದಷ್ಟೇ. ಶೇ 54ರ ಮೇಲೆ ಮತ್ತೆ ಶೇ 23, ಮತ್ತೆ ಶೇ 23 ಕೂಡಿಸಿದರೆ ನೂರು ಸೆಡಿಯ ದಿನಸಿ ಇನ್ನೂರಮೂವತ್ತು ದಾಟುತ್ತದೆ. ಸಂಬಳ ಹಾಗೆ ಏರಿರಲಿಲ್ಲ.

ಎನ್‌ಪಿಪಿಯ ಸ್ವಂತ ಮತದಾರರನ್ನು ನೇರವಾಗಿ ತಾಗಿದ್ದು ದೇಶಿ ಸಾಲದ ಮರುಹೊಂದಾಣಿಕೆ. ಸರ್ಕಾರಿ ಬಾಂಡ್ ಇಟ್ಟುಕೊಂಡವರು ಹಳೆಯದನ್ನು ಕೊಟ್ಟು, ಕಡಿಮೆ ಬಡ್ಡಿಯ, ಹದಿನೈದು ವರ್ಷದವರೆಗೂ ಅವಧಿ ಚಾಚಿದ ಹೊಸ ಬಾಂಡ್ ತೆಗೆದುಕೊಳ್ಳಬೇಕು ಎಂಬುದು ಯೋಜನೆ. ಬಾಂಡ್ ಕೊಳ್ಳುವವರು ಯಾರು? ನಿವೃತ್ತ ಶಿಕ್ಷಕರು, ಸಣ್ಣ ಉದ್ಯಮಿಗಳು, ವಕೀಲರು. ಅಕ್ರಾ ಮತ್ತು ಕುಮಾಸಿಯ ಮಧ್ಯಮ ವರ್ಗ. ವ್ಯಾಪಾರ-ವಹಿವಾಟಿನ ಪಕ್ಷ ಎಂದು ಎನ್‌ಪಿಪಿಯನ್ನು ನಂಬಿದ್ದವರು. 2017ರಿಂದ 2019ರ ನಡುವಿನ ಬ್ಯಾಂಕ್ ಶುದ್ಧೀಕರಣದಲ್ಲಿ ಒಂಬತ್ತು ಬ್ಯಾಂಕ್‌ಗಳು, ನೂರಾರು ಸಣ್ಣ ಹಣಕಾಸು ಸಂಸ್ಥೆಗಳು ಪರವಾನಗಿ ಕಳೆದುಕೊಂಡಾಗ ಇದೇ ವರ್ಗದ ಎಷ್ಟೋ ಮಂದಿಯ ಠೇವಣಿ ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಂಡಿತ್ತು. ಈಗ ಸುರಕ್ಷಿತ ಎಂದುಕೊಂಡ ಸರ್ಕಾರಿ ಪತ್ರವೂ ಹೋಯಿತು. 2023ರ ಆರಂಭದಲ್ಲಿ ಪಿಂಚಣಿದಾರರು ಹಣಕಾಸು ಸಚಿವಾಲಯದ ಮುಂದೆ ದಿನವೂ ಬಂದು ಕೂತರು. ನಿವೃತ್ತ ಮುಖ್ಯ ನ್ಯಾಯಮೂರ್ತಿ ಸೋಫಿಯಾ ಅಕುಫೊ ಅವರೂ ಹೋಗಿ ಅವರ ನಡುವೆ ನಿಂತರು. ಕೊನೆಗೆ ಪಿಂಚಣಿದಾರರಿಗೆ ವಿನಾಯಿತಿ ಸಿಕ್ಕಿತು, ಆದರೆ ಇಳಿವಯಸ್ಸಿನವರು ಭಿತ್ತಿಪತ್ರ ಹಿಡಿದು ಬಿಸಿಲಲ್ಲಿ ಕೂತ ಚಿತ್ರಗಳು ಮನೆಮನೆ ತಲುಪಿಯಾಗಿತ್ತು. ಇಂಥ ಮತದಾರ ಎನ್‌ಡಿಸಿಗೆ ಹಾಕಲು ಹಿಂದೆಮುಂದೆ ನೋಡುತ್ತಾನೆ. ಎನ್‌ಪಿಪಿಗೂ ಹಾಕಲಾರ.

ಇಷ್ಟಾದರೂ ಹಣಕಾಸು ಸಚಿವರು ಕುರ್ಚಿ ಬಿಡಲಿಲ್ಲ. ಅವರು ಅಧ್ಯಕ್ಷರ ಸೋದರಸಂಬಂಧಿ. 2022ರ ಅಕ್ಟೋಬರ್‌ನಲ್ಲಿ ಆಳುವ ಪಕ್ಷದ್ದೇ ಸುಮಾರು 80 ಸಂಸದರು ಅವರನ್ನು ತೆಗೆಯಿರಿ ಎಂದು ಬಹಿರಂಗವಾಗಿ ಕೇಳಿದರು. ಡಿಸೆಂಬರ್‌ನಲ್ಲಿ ವಿರೋಧ ಪಕ್ಷ ಖಂಡನಾ ನಿರ್ಣಯ ತಂದಾಗ ಅದೇ ಸಂಸದರು ಸಭೆಯಿಂದ ಎದ್ದು ಹೊರನಡೆದರು. ಬೇಕಿದ್ದದ್ದು 183 ಮತ, ಬಿದ್ದದ್ದು 136. ಸಚಿವರು ಬದಲಾದದ್ದು 2024ರ ಫೆಬ್ರುವರಿಯಲ್ಲಿ, ಚುನಾವಣೆಗೆ ಹತ್ತು ತಿಂಗಳಿರುವಾಗ. 2022ರಲ್ಲೇ ಬದಲಾಗಿದ್ದರೆ ಆರ್ಥಿಕತೆ ನೆಟ್ಟಗಾಗುತ್ತಿತ್ತು ಎಂದೇನಲ್ಲ. ಬಾವುಮಿಯಾಗೆ 'ತಪ್ಪಿತಸ್ಥರನ್ನು ಹೊರಗೆ ಹಾಕಿದೆವು' ಎನ್ನುವ ಒಂದು ವಾಕ್ಯವಾದರೂ ಸಿಗುತ್ತಿತ್ತು. ಪೂರ್ತಿ ಸೋಲಿನಲ್ಲಿ ತಪ್ಪಿಸಬಹುದಾಗಿದ್ದ ತಪ್ಪು ಯಾವುದೆಂದು ಕೇಳಿದರೆ ಇದನ್ನೇ ಮೊದಲು ಹೆಸರಿಸಬೇಕು. ಇದರ ಜೊತೆಗೆ ರಾಷ್ಟ್ರೀಯ ಕೆಥೆಡ್ರಲ್ ಎಂಬ ದೊಡ್ಡ ಚರ್ಚಿನ ಯೋಜನೆ: ಅಕ್ರಾದ ನಡುವೆ 5.8 ಕೋಟಿ ಡಾಲರ್ ಸರ್ಕಾರಿ ಹಣ ಸುರಿದು ಉಳಿದದ್ದು ಅಡಿಪಾಯದ ಗುಂಡಿ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಹಳ್ಳಿಗಳ ಸಿಟ್ಟಿಗೆ ಬೇರೆ ಮೂಲವಿತ್ತು. 2024ರ ಬೇಸಿಗೆಯಲ್ಲಿ ಪುತ್ತೂರು, ಸುಳ್ಯದ ತೋಟಗಳವರಿಗೆ ಕೋಕೋಗೆ ಹಿಂದೆಂದೂ ಕಾಣದ ದರ ಸಿಕ್ಕಿದ್ದು ನೆನಪಿರಬಹುದು. ಘಾನಾ ಮತ್ತು ಐವರಿ ಕೋಸ್ಟ್‌ನಲ್ಲಿ ಫಸಲು ಕೈಕೊಟ್ಟು ಜಾಗತಿಕ ಬೆಲೆ ಟನ್ನಿಗೆ 10,000 ಡಾಲರ್ ದಾಟಿದ್ದೇ ಅದಕ್ಕೆ ಕಾರಣ. ಆದರೆ ಘಾನಾದ ಬೆಳೆಗಾರ ಮಾರುಕಟ್ಟೆ ದರಕ್ಕೆ ಮಾರುವಂತಿಲ್ಲ. ಸರ್ಕಾರಿ ಮಂಡಳಿ ಕೊಕೊಬಾಡ್ ಹಂಗಾಮಿಗೆ ಒಂದು ದರ ನಿಗದಿ ಮಾಡುತ್ತದೆ, ಬೆಳೆಯನ್ನು ತಿಂಗಳುಗಳ ಮೊದಲೇ ವಿದೇಶಿ ಖರೀದಿದಾರರಿಗೆ ಮುಂಗಡ ಒಪ್ಪಂದದಲ್ಲಿ ಮಾರಿರುತ್ತದೆ. ಬೆಲೆ ಕುಸಿದಾಗ ಇದು ರಕ್ಷಣೆ, ಏರಿದಾಗ ಸೆರೆ. 2024ರ ಏಪ್ರಿಲ್‌ನಲ್ಲಿ ದರ ಏರಿಸಿದ ಮೇಲೂ ಬೆಳೆಗಾರನಿಗೆ ಟನ್ನಿಗೆ 33,120 ಸೆಡಿ, ಅಂದರೆ ಜಾಗತಿಕ ಬೆಲೆಯ ಹೆಚ್ಚುಕಡಿಮೆ ಕಾಲು ಭಾಗ. ಸೆಪ್ಟೆಂಬರ್‌ನಲ್ಲಿ 48,000ಕ್ಕೆ ಏರಿಸಿದರು. ಅಷ್ಟರಲ್ಲಿ ಎಷ್ಟೋ ಚೀಲ ಗಡಿ ದಾಟಿ ಐವರಿ ಕೋಸ್ಟ್, ಟೋಗೊ ಸೇರಿಯಾಗಿತ್ತು. ಗಿಡಕ್ಕೆ ಟೊಂಗೆ ಊದುವ ವೈರಸ್ ರೋಗ, ಹೊಲಕ್ಕೆ ಗೊಬ್ಬರವಿಲ್ಲ, ಪಕ್ಕದ ಜಮೀನು ಚಿನ್ನ ಅಗೆಯುವವರ ಪಾಲು.

ಅಲ್ಲಿ ಗಲಾಮ್ಸೆ ಎನ್ನುವ ಈ ಅಕ್ರಮ ಚಿನ್ನದ ಗಣಿಗಾರಿಕೆಯನ್ನು ನಿಲ್ಲಿಸದಿದ್ದರೆ ಅಧ್ಯಕ್ಷ ಪದವಿಯನ್ನೇ ಪಣಕ್ಕಿಡುತ್ತೇನೆ ಎಂದು ಅಕುಫೊ-ಅಡ್ಡೊ 2017ರಲ್ಲಿ ಹೇಳಿದ್ದರು. 2024ರ ಆಗಸ್ಟ್‌ನಲ್ಲಿ ನೀರು ಸರಬರಾಜು ಸಂಸ್ಥೆ ಒಂದು ಪ್ರಕಟಣೆ ಹೊರಡಿಸಿತು: ಪ್ರಾ ನದಿಯ ಸೆಕ್ಯೆರೆ ಹೆಮಾಂಗ್ ಶುದ್ಧೀಕರಣ ಘಟಕ 2,000 ಎನ್‌ಟಿಯು (ನೀರಿನ ಕದಡನ್ನು ಅಳೆಯುವ ಮಾನ) ಕೆಸರಿಗೆಂದು ಕಟ್ಟಿದ್ದು, ಬರುತ್ತಿರುವುದು 14,000. ಕೇಪ್ ಕೋಸ್ಟ್ ಪಟ್ಟಣದ ನಲ್ಲಿಗೆ ನೀರು ಕಡಿತವಾಯಿತು. ಸೆಪ್ಟೆಂಬರ್‌ನಲ್ಲಿ ಅಕ್ರಾದಲ್ಲಿ ಪ್ರತಿಭಟಿಸಿದ ಯುವಕರನ್ನು ಹಿಡಿದು ಜೈಲಿಗೆ ಹಾಕಿದರು. ಇದೇ ವರ್ಷ ಡುಮ್ಸೊರ್, ಅಂದರೆ ಲೋಡ್ ಶೆಡ್ಡಿಂಗ್, ಮರಳಿತು. 2016ರಲ್ಲಿ ಮಹಾಮಾರನ್ನು ಮನೆಗೆ ಕಳಿಸಿದ್ದೇ ಇದು. ವೇಳಾಪಟ್ಟಿಯಾದರೂ ಕೊಡಿ ಎಂದವರಿಗೆ, ಬೇಕಾದವರು ತಾವೇ ಮಾಡಿಕೊಂಡು ತರಲಿ ಎಂಬ ಧಾಟಿಯಲ್ಲಿ ಇಂಧನ ಸಚಿವ ಮ್ಯಾಥ್ಯೂ ಒಪೊಕು ಪ್ರೆಂಪೆ ಉತ್ತರಿಸಿದರು. ಜುಲೈನಲ್ಲಿ ಬಾವುಮಿಯಾ ತಮ್ಮ ಉಪಾಧ್ಯಕ್ಷ ಅಭ್ಯರ್ಥಿಯಾಗಿ ಆರಿಸಿದ್ದು ಇವರನ್ನೇ. ಆಶಾಂಟಿ ಪ್ರಾಂತ್ಯದ ಮತ ಹಿಡಿದಿಡುವ ಲೆಕ್ಕಾಚಾರ ಅದು.

ಆ ಲೆಕ್ಕಾಚಾರದ ಹಿಂದೆ ಒಂದು ಅಂಜಿಕೆಯಿತ್ತು. ಎನ್‌ಪಿಪಿಯ ಬೇರು ಆಶಾಂಟಿ ಮತ್ತು ಈಸ್ಟರ್ನ್ ಪ್ರಾಂತ್ಯದ ಅಕಾನ್ ಸಮುದಾಯದಲ್ಲಿದೆ. ಬಾವುಮಿಯಾ ಉತ್ತರದವರು, ಮುಸ್ಲಿಮರು. ಪಕ್ಷದ ಚರಿತ್ರೆಯಲ್ಲಿ ಅಂಥ ಅಧ್ಯಕ್ಷೀಯ ಅಭ್ಯರ್ಥಿ ಮೊದಲು. ಸೋಲಿನ ಮೇಲೆ ಹಲವರು ಪಿಸುಗುಟ್ಟಿದ್ದು, ಕೆಲವರು ಬಾಯಿ ಬಿಟ್ಟೇ ಹೇಳಿದ್ದು ಇದನ್ನೇ. ಈ ವಾದವನ್ನು ಪರೀಕ್ಷಿಸಲು ಒಂದು ದಾರಿಯಿದೆ. ಘಾನಾದಲ್ಲಿ ಅದೇ ದಿನ, ಅದೇ ಮತಗಟ್ಟೆಯಲ್ಲಿ ಸಂಸತ್ತಿಗೂ ಪ್ರತ್ಯೇಕ ಮತಪತ್ರದಲ್ಲಿ ಮತ ಹಾಕುತ್ತಾರೆ. ಅಧ್ಯಕ್ಷರಿಗೊಂದು ಪಕ್ಷ, ಸಂಸದರಿಗೊಂದು ಪಕ್ಷ ಆರಿಸುವುದಕ್ಕೆ ಅಲ್ಲಿ 'ಸ್ಕರ್ಟ್ ಅಂಡ್ ಬ್ಲೌಸ್' ಎಂಬ ಹೆಸರೇ ಇದೆ. ಸಮಸ್ಯೆ ಅಭ್ಯರ್ಥಿಯ ಧರ್ಮ ಅಥವಾ ಊರು ಮಾತ್ರ ಆಗಿದ್ದರೆ ಸಂಸದರು ಉಳಿದುಕೊಳ್ಳಬೇಕಿತ್ತು. 2020ರಲ್ಲಿ ಎರಡೂ ಪಕ್ಷಕ್ಕೆ 137-137 ಸ್ಥಾನ ಬಂದಿತ್ತು. 2024ರಲ್ಲಿ ಎನ್‌ಪಿಪಿ 90ರ ಕೆಳಗಿಳಿಯಿತು, ಎನ್‌ಡಿಸಿ 180 ದಾಟಿತು. ಆಶಾಂಟಿಯ ಕ್ರೈಸ್ತ ಸಂಸದರಿಗೂ ಮತ ಕುಸಿದಿದೆ ಎಂದ ಮೇಲೆ ಬಾವುಮಿಯಾ ಗುರುತು ನಷ್ಟವನ್ನು ಒಂದಿಷ್ಟು ಹಿಗ್ಗಿಸಿರಬಹುದು, ಹುಟ್ಟಿಸಲಿಲ್ಲ. ಗೆದ್ದ ಮಹಾಮಾ ಕೂಡ ಉತ್ತರದವರೇ.

ನಮ್ಮಲ್ಲಿ ಇದನ್ನು 'ಆಡಳಿತ ವಿರೋಧಿ ಅಲೆ' ಎಂದು ಒಂದೇ ಚೀಲಕ್ಕೆ ತುಂಬುವ ರೂಢಿ. ಕರ್ನಾಟಕದಲ್ಲೂ 1985ರ ನಂತರ ಆಳುವ ಪಕ್ಷ ಮರಳಿ ಗೆದ್ದಿಲ್ಲ. ಆದರೆ ಸೋಲಿನ ಒಳಗಿನ ಯಂತ್ರ ಬೇರೆ. 2023ರಲ್ಲಿ ಬಿಜೆಪಿಯ ಮತ ಪ್ರಮಾಣ ಶೇ 36ರಲ್ಲೇ ನಿಂತಿತ್ತು. ಜೆಡಿಎಸ್ ಸುಮಾರು ಶೇ 5 ಕಳೆದುಕೊಂಡಿತು, ಕಾಂಗ್ರೆಸ್ ಹೆಚ್ಚುಕಡಿಮೆ ಅಷ್ಟನ್ನೇ ಗಳಿಸಿತು, ಬಿಜೆಪಿಯ ಸ್ಥಾನ 104ರಿಂದ 66ಕ್ಕೆ ಬಿತ್ತು. ಅಲ್ಲಿ ಎದುರಾಳಿ ಮತಗಳು ಒಂದೆಡೆ ಸೇರಿದ್ದು ಸೋಲಿಸಿತು. ಘಾನಾದಲ್ಲಿ ಎದುರಾಳಿ ನಿಂತಲ್ಲೇ ನಿಂತಿದ್ದ, ಆಳುವವರ ಕಾಲ ಕೆಳಗಿನ ನೆಲ ಸರಿಯಿತು. ಮೊದಲನೆಯದಕ್ಕೆ ಮೈತ್ರಿ ಮದ್ದು. ಎರಡನೆಯದಕ್ಕೆ ಮೈತ್ರಿ ಕಟ್ಟಿ ಪ್ರಯೋಜನವಿಲ್ಲ.

ಆಳುವ ಪಕ್ಷದ ಹೊಸ ಅಭ್ಯರ್ಥಿ ಸೋಲಲೇಬೇಕೆಂದೇನಿಲ್ಲ. 2024ರ ಜೂನ್‌ನಲ್ಲೇ ಮೆಕ್ಸಿಕೊದಲ್ಲಿ ಕ್ಲಾಡಿಯಾ ಶೈನ್‌ಬಾಮ್ ತಮ್ಮ ಪಕ್ಷದ ಲೋಪೆಜ್ ಒಬ್ರಡಾರ್ ನಂತರ ನಿಂತು ಹೆಚ್ಚುಕಡಿಮೆ ಶೇ 60 ಮತ ಪಡೆದರು. ಅಲ್ಲಿ ಆರು ವರ್ಷದಲ್ಲಿ ಕನಿಷ್ಠ ಕೂಲಿ ಬೆಲೆಯೇರಿಕೆ ಕಳೆದೂ ದುಪ್ಪಟ್ಟಾಗಿತ್ತು, ವೃದ್ಧರ ಪಿಂಚಣಿ ನೇರ ಕೈಗೆ ಬರುತ್ತಿತ್ತು. ನನ್ನ ಹಿಂದಿನವರಂತೆಯೇ ನಡೆಯುತ್ತೇನೆ ಎಂದು ಆಕೆ ಧೈರ್ಯವಾಗಿ ಹೇಳಬಹುದಿತ್ತು.

ಬಾವುಮಿಯಾ ಡಿಸೆಂಬರ್ 8ರ ಬೆಳಿಗ್ಗೆಯೇ ಸೋಲೊಪ್ಪಿಕೊಂಡರು, ಚುನಾವಣಾ ಆಯೋಗ ಫಲಿತಾಂಶ ಘೋಷಿಸುವ ಮೊದಲೇ. ಅಲ್ಲಿ ಎಣಿಕೆ ಮತಗಟ್ಟೆಯಲ್ಲೇ ನಡೆಯುತ್ತದೆ, ಪ್ರತಿ ಪಕ್ಷದ ಏಜೆಂಟ್‌ಗೂ ಸಹಿ ಮಾಡಿದ 'ಪಿಂಕ್ ಶೀಟ್' ಪ್ರತಿ ಸಿಗುತ್ತದೆ, ಪಕ್ಷಗಳು ರಾತ್ರಿಯಿಡೀ ಅವನ್ನು ಕೂಡಿಸುತ್ತವೆ. ಎನ್‌ಪಿಪಿಯ ಸ್ವಂತ ಲೆಕ್ಕದಲ್ಲೇ ಅಂತರ ಕಾಣಿಸಿದ್ದರಿಂದ ವಾದಕ್ಕೆ ಜಾಗವಿರಲಿಲ್ಲ. ತಡವಾಗಿ ಘೋಷಣೆಯಾಗಿದ್ದರೆ ಬೀದಿಯಲ್ಲಿ ಏನಾಗುತ್ತಿತ್ತೋ ಹೇಳಲಾಗದು. ಈ ಒಂದು ನಡೆಗೆ ಅವರಿಗೆ ಅಂಕ ಕೊಡಬೇಕು.

2025ರಲ್ಲಿ ಮಹಾಮಾ ಸರ್ಕಾರ ಇ-ಲೆವಿ ರದ್ದು ಮಾಡಿತು, ಚಿನ್ನದ ದರ ಏರಿ ಸೆಡಿ ಗಟ್ಟಿಯಾಯಿತು, ಮೇ ತಿಂಗಳಲ್ಲಿ ಡಾಲರಿಗೆ ಹತ್ತರ ಹತ್ತಿರ ಬಂತು. ಗಲಾಮ್ಸೆ ನಿಂತಿಲ್ಲ, ಚಿನ್ನಕ್ಕೆ ಈ ದರ ಇರುವಾಗ ನಿಲ್ಲುವುದು ಸುಲಭವೂ ಅಲ್ಲ. ಮಹಾಮಾಗೆ ಇದು ಎರಡನೇ ಅವಧಿ, ಆದ್ದರಿಂದ 2028ರಲ್ಲಿ ಎನ್‌ಡಿಸಿ ಹೊಸಬರೊಬ್ಬರನ್ನು ನಿಲ್ಲಿಸಬೇಕು. ಆಗ ನೋಡಬೇಕಾದ ಅಂಕಿ ಎನ್‌ಡಿಸಿಯ ಭದ್ರಕೋಟೆ ವೋಲ್ಟಾ ಪ್ರಾಂತ್ಯದ ಮತದಾನದ ಪ್ರಮಾಣ.